ಸಂಚಾರಿ ಪ್ರದರ್ಶನದ ವೃತ್ತಿಯೂ ತಾಡವೋಲೆಯ ಹಿತವೂ

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ಓಲೆಯ ಕಟ್ಟುಗಳು ಶತಮಾನಗಳ ಕಾಲ ಯಾತ್ರಿಕರಿಗೆ ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದವು. ಶ್ರಾವಕರು ಕೈಮುಗಿದು ಹಿಂದಿರುಗುತ್ತಿದ್ದರು, ಓದುವವರಿರಲಿಲ್ಲ. ದರ್ಶನವಿದ್ದು ಸ್ವಾಧ್ಯಾಯವಿಲ್ಲದ ಈ ಸ್ಥಿತಿಯನ್ನು ನೀಗಿಸಲು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಿದ್ವಾಂಸರೂ ದಾನಿಗಳೂ ಪಟ್ಟ ಶ್ರಮ ಸರ್ವವಿದಿತವಾದುದು. ಈಗ ದೇಶವಿದೇಶಗಳಲ್ಲಿ ಒಂದು ಸ್ವತಂತ್ರ ವೃತ್ತಿಯಾಗಿ, ವ್ಯಾಪಾರವಾಗಿಯೂ ಬೆಳೆದಿರುವ ಸಂಚಾರಿ ವಸ್ತುಪ್ರದರ್ಶನವು ಹಸ್ತಪ್ರತಿಯನ್ನು ಮತ್ತೆ ಅದೇ ದರ್ಶನದ ಸ್ಥಿತಿಗೆ ಒಯ್ಯುತ್ತಿದೆಯೇ ಎಂಬುದು ವಿಚಾರಣೀಯವಾಗಿದೆ.

ಈ ವೃತ್ತಿಯ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯು 1952ರಲ್ಲಿಯೇ ಸಂಚಾರಿ ಪ್ರದರ್ಶನಗಳಿಗಾಗಿ ಪ್ರತ್ಯೇಕ ವಿಭಾಗವನ್ನು ಆರಂಭಿಸಿತು. ಒಂದೆಡೆ ಸಿದ್ಧಪಡಿಸಿದ ಪ್ರದರ್ಶನವನ್ನು ಊರೂರಿನ ವಸ್ತುಸಂಗ್ರಹಾಲಯಗಳು ನಿಗದಿಯಾದ ಬಾಡಿಗೆ ಕೊಟ್ಟು ಕೆಲವು ತಿಂಗಳು ಇರಿಸಿಕೊಳ್ಳುವುದು ಇದರ ಕ್ರಮ. ವಿಷಯವನ್ನು ಯೋಜಿಸುವವನು, ಎರವಲು ಪತ್ರಗಳನ್ನು ನಿರ್ವಹಿಸುವವನು, ಪೆಟ್ಟಿಗೆ ಕಟ್ಟುವವನು, ವಸ್ತುವಿನೊಡನೆ ಪ್ರಯಾಣ ಮಾಡುವವನು, ಪ್ರತಿ ನಿಲ್ದಾಣದಲ್ಲಿ ಅದರ ಸ್ಥಿತಿಯನ್ನು ಪರೀಕ್ಷಿಸಿ ಬರೆದಿಡುವವನು, ಹೀಗೆ ಅನೇಕ ಕುಶಲರ ಜೀವನೋಪಾಯ ಇದರಲ್ಲಿ ಅಡಗಿದೆ. ಭಾರತದಲ್ಲಿಯೂ 1965ರಲ್ಲಿ ಕಲ್ಕತ್ತೆಯ ಬಿರ್ಲಾ ವಸ್ತುಸಂಗ್ರಹಾಲಯವು ವಿಜ್ಞಾನದ ಮಾದರಿಗಳನ್ನು ಬಸ್ಸಿನಲ್ಲಿರಿಸಿ ಹಳ್ಳಿಗಳಿಗೆ ಕಳುಹಿಸಿತು. ಆದರೆ ಮಾದರಿ ಮುರಿದರೆ ಇನ್ನೊಂದನ್ನು ಮಾಡಬಹುದು. ಓಲೆ ಮುರಿದರೆ ಆ ಪಾಠವೇ ಹೋಗುತ್ತದೆ.

ಜೈನ ಕಲೆಯ ಮಟ್ಟಿಗೆ 1994ರಲ್ಲಿ ಲಾಸ್ ಏಂಜಲೀಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಪ್ರತಾಪಾದಿತ್ಯ ಪಾಲ್ ಅವರು ಯೋಜಿಸಿದ ‘ಪೀಸ್‌ಫುಲ್ ಲಿಬರೇಟರ್ಸ್’ ಎಂಬ ಪ್ರದರ್ಶನವು ಮಹತ್ತ್ವದ್ದು. ಅದು ಅಮೆರಿಕದ ಫೋರ್ಟ್ ವರ್ತ್, ನ್ಯೂ ಆರ್ಲಿಯನ್ಸ್‌ಗಳಲ್ಲಿಯೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಸಂಚರಿಸಿತು. ಭಾರತೀಯ ಕಲೆಯೆಂದರೆ ಬೌದ್ಧ ಹಾಗೂ ಹಿಂದೂ ಕಲೆಯೆಂದೇ ತಿಳಿದಿದ್ದ ಅಲ್ಲಿನ ಜನಕ್ಕೆ ಜಿನಬಿಂಬಗಳ ಪ್ರಶಾಂತ ಮುದ್ರೆಯನ್ನು ಪರಿಚಯಿಸಿದ್ದು ಅದರ ಗುಣ. ಅದರೊಡನೆ ಪ್ರಕಟವಾದ ಲೇಖನಸಹಿತ ಸೂಚಿಗ್ರಂಥವು ಇಂದಿಗೂ ಆಧಾರಗ್ರಂಥವಾಗಿ ಉಳಿದಿದೆ. ಪ್ರದರ್ಶನ ಮುಗಿದ ಮೇಲೂ ವಿದ್ಯೆ ಉಳಿಯಬೇಕೆಂಬ ನಿಯಮಕ್ಕೆ ಇದು ಒಳ್ಳೆಯ ನಿದರ್ಶನ.

ಆದರೆ ಶಿಲ್ಪಕ್ಕೆ ಸಲ್ಲುವ ಕ್ರಮವು ಹಸ್ತಪ್ರತಿಗೆ ಸಲ್ಲದು. ಶಿಲ್ಪವನ್ನು ನೋಡಿದರೆ ಅದರ ಪ್ರಯೋಜನ ಬಹುಮಟ್ಟಿಗೆ ಸಿದ್ಧಿಸುತ್ತದೆ. ನೂರಾರು ಗರಿಗಳ ಗ್ರಂಥದಲ್ಲಿ ಗಾಜಿನ ಹಿಂದೆ ಕಾಣುವುದು ಒಂದೆರಡು ಗರಿಗಳು. ಅವುಗಳನ್ನು ಆರಿಸುವಾಗ ಚಿತ್ರವಿರುವ ಗರಿಗೆ ಪ್ರಾಶಸ್ತ್ಯ. ಲಿಪಿಕಾರನ ಹೆಸರು, ಬರೆಯಿಸಿದ ದಾನಿಯ ವಂಶ, ಗುರುಪರಂಪರೆ, ಕಾಲ ಇವುಗಳನ್ನು ತಿಳಿಸುವ ಪ್ರಶಸ್ತಿಭಾಗವು ಸಾಮಾನ್ಯವಾಗಿ ಚಿತ್ರರಹಿತವಾದುದರಿಂದ ಕಟ್ಟಿನೊಳಗೇ ಉಳಿಯುತ್ತದೆ. ಸಂಶೋಧಕನಿಗೆ ಅತ್ಯಂತ ಬೇಕಾದುದು ಪ್ರೇಕ್ಷಕನಿಗೆ ಕಾಣುವುದೇ ಇಲ್ಲ. ಮೂಡಬಿದಿರೆಯ ಧವಲ ಪ್ರತಿಯ ಚಿತ್ರಿತ ಓಲೆಗಳನ್ನು ಕಲಾಗ್ರಂಥಗಳಲ್ಲಿ ಕಂಡವರು ಬಹಳ. ಅದೇ ಪ್ರತಿಯಲ್ಲಿ ಕನ್ನಡ ಲಿಪಿಯಲ್ಲಿ ನಿಂತಿರುವ ವೀರಸೇನಾಚಾರ್ಯರ ಟೀಕೆಯನ್ನು ಓದಿದವರು ವಿರಳ.

ಇದಕ್ಕಿಂತ ಘೋರವಾದುದು ಗರಿಗಳ ವಿಘಟನೆ. ಪಶ್ಚಿಮ ಭಾರತದ ಕಲ್ಪಸೂತ್ರ ಪ್ರತಿಗಳ ಎಷ್ಟೋ ಚಿತ್ರಿತ ಪತ್ರಗಳು ಇಂದು ಬಿಡಿಬಿಡಿಯಾಗಿ ವಿದೇಶಗಳ ಸಂಗ್ರಹಗಳಲ್ಲಿವೆ. ಇದು ಪ್ರದರ್ಶಕರ ಕೃತ್ಯವಲ್ಲ, ಕಲಾವ್ಯಾಪಾರಿಗಳ ಕೃತ್ಯವೆಂದು ಹೇಳಬಹುದು. ಆದರೆ ಬಿಡಿ ಪತ್ರವನ್ನು ಚೌಕಟ್ಟಿನಲ್ಲಿ ತೂಗಿಸಿ ಮೆರೆಸುವ ಪದ್ಧತಿಯೇ ಅದಕ್ಕೆ ಬೆಲೆ ಕಟ್ಟಿಸಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಟೈಟಾನಿಕ್ ಹಡಗಿನ ಅವಶೇಷಗಳನ್ನು ದೇಶದೇಶಗಳಲ್ಲಿ ಪ್ರದರ್ಶಿಸುತ್ತಿದ್ದ ಅಮೆರಿಕದ ಪ್ರೀಮಿಯರ್ ಎಕ್ಸಿಬಿಷನ್ಸ್ ಕಂಪನಿಯು 2016ರಲ್ಲಿ ದಿವಾಳಿ ರಕ್ಷಣೆಗೆ ಮೊರೆಹೊಕ್ಕು, 2018ರಲ್ಲಿ ಅದರ ಆಸ್ತಿಯು ಬಂಡವಾಳಗಾರರಿಗೆ ಮಾರಾಟವಾಯಿತು. ಆಗ ಆ ಸಾವಿರಾರು ವಸ್ತುಗಳು ಚದುರದಂತೆ ತಡೆದದ್ದು, ಸಂಗ್ರಹವನ್ನು ಒಟ್ಟಾಗಿಯೇ ಇರಿಸತಕ್ಕದ್ದೆಂದು ನ್ಯಾಯಾಲಯವು ಮೊದಲೇ ವಿಧಿಸಿದ್ದ ನಿಬಂಧನೆ. ಮುಳುಗಿದ ಹಡಗಿನ ತಟ್ಟೆ ಬಟ್ಟಲುಗಳಿಗೆ ದೊರೆತ ಈ ರಕ್ಷಣೆ ಶ್ರುತದ ಪತ್ರಗಳಿಗೆ ಸಕಾಲದಲ್ಲಿ ದೊರೆಯಲಿಲ್ಲ.

ವ್ಯಾಪಾರದ ಮುಖವನ್ನೂ ನೋಡಬೇಕು. 1972ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಡೆದ ಈಜಿಪ್ಟಿನ ತುತಾಂಖಾಮುನ್ ಪ್ರದರ್ಶನಕ್ಕೆ 16 ಲಕ್ಷಕ್ಕೂ ಹೆಚ್ಚು ಜನ ಬಂದರು. ಈ ಜನಸಂದಣಿಯೇ ಲಾಭದ ಆಸೆಗೆ ಬೀಜವಾಯಿತು. 2005ರಲ್ಲಿ ಅದೇ ನಿಧಿಯ ವಸ್ತುಗಳು ಅಮೆರಿಕಕ್ಕೆ ಮರಳಿ ಹೋದಾಗ ಏರ್ಪಾಡಿನಲ್ಲಿ ವಾಣಿಜ್ಯ ಕಂಪನಿಗಳಿದ್ದವು. ಲಾಸ್ ಏಂಜಲೀಸಿನಲ್ಲಿ ಪ್ರವೇಶದರ 30 ಡಾಲರುಗಳವರೆಗೆ ಏರಿತು. ಹಣ ಸಂಪಾದನೆಯೇ ದೋಷವಲ್ಲ. ಈಜಿಪ್ಟ್ ದೇಶವು ತನ್ನ ಪಾಲನ್ನು ಸ್ಮಾರಕಗಳ ರಕ್ಷಣೆಗೆ ಬಳಸುವುದಾಗಿ ಹೇಳಿತ್ತು. ಆದರೆ ಪ್ರದರ್ಶನದ ಅವಧಿಯನ್ನು ವಸ್ತುವಿನ ಆರೋಗ್ಯ ನಿರ್ಣಯಿಸಬೇಕೇ, ಚೀಟಿಯ ಮಾರಾಟವೇ ಎಂಬ ಪ್ರಶ್ನೆ ಉಳಿಯುತ್ತದೆ. ಬಣ್ಣವುಳ್ಳ ಪತ್ರಗಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಸಲ್ಲದೆಂಬುದು ಸಂರಕ್ಷಣಾಶಾಸ್ತ್ರದ ಸಾಮಾನ್ಯ ನಿಯಮ. ಕೆಲವು ತಿಂಗಳು ತೆರೆದಿರಿಸಿದ ಪತ್ರಕ್ಕೆ ದೀರ್ಘಕಾಲದ ಕತ್ತಲೆಯ ವಿಶ್ರಾಂತಿ ಬೇಕು. ಒಣಹವೆಯಲ್ಲಿ ಓಲೆ ಬಿರಿಯುತ್ತದೆ, ಹಸಿಹವೆಯಲ್ಲಿ ಬೂಸಲು ಹಿಡಿಯುತ್ತದೆ. ನಾಲ್ಕು ನಗರಗಳ ಸಂಚಾರವೆಂದರೆ ನಾಲ್ಕು ಹವೆಗಳ ಪರೀಕ್ಷೆ.

ಹಾದಿಯ ಅಪಾಯವು ಕಲ್ಪಿತವಾದುದಲ್ಲ. 2007ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಗಿಮೆ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆಂದು ಬಾಂಗ್ಲಾದೇಶದಿಂದ ಹೊರಟಿದ್ದ ಪೆಟ್ಟಿಗೆಗಳಲ್ಲಿ ಒಂದು ಢಾಕಾ ವಿಮಾನನಿಲ್ದಾಣದಲ್ಲಿಯೇ ಕಳುವಾಯಿತು. ಅದರಲ್ಲಿದ್ದ ಪ್ರಾಚೀನ ವಿಷ್ಣುಮೂರ್ತಿಗಳು ಚೂರುಗಳಾಗಿ ಕಸದ ರಾಶಿಯಲ್ಲಿ ಸಿಕ್ಕವು, ಪ್ರದರ್ಶನ ರದ್ದಾಯಿತು. ವಿಮೆಯು ಹಣವನ್ನು ಕೊಡಬಲ್ಲದು, ಮೂರ್ತಿಯನ್ನಲ್ಲ. ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯಿದೆಯು 75 ವರ್ಷಗಳಿಗೆ ಕಡಮೆಯಿಲ್ಲದ ಮೌಲಿಕ ಹಸ್ತಪ್ರತಿಗಳನ್ನು ಪ್ರಾಚ್ಯವಸ್ತುವೆಂದು ಪರಿಗಣಿಸಿ, ಅವುಗಳ ರಫ್ತನ್ನು ಕೇಂದ್ರ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟ ಸಂಸ್ಥೆಗೂ ಮೀಸಲಿರಿಸಿದೆ. ಆದರೆ ಕಾಯಿದೆಯು ಗಡಿಯನ್ನು ಕಾಯುತ್ತದೆ. ಓಲೆ ಯಾವ ಊರಿಗೆ, ಎಷ್ಟು ದಿನ, ಯಾರ ಕೈಯಲ್ಲಿ ಹೋಗಬೇಕೆಂಬ ವಿವೇಕವನ್ನು ಭಂಡಾರದ ಒಡೆಯರೇ ತೋರಬೇಕು.

ಹಾಗಾದರೆ ಗ್ರಂಥಗಳು ಭಂಡಾರದ ಕತ್ತಲೆಯಲ್ಲಿಯೇ ಇರಬೇಕೆ? ಜೈನ ಪರಂಪರೆಯ ಉತ್ತರ ಹಾಗಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆಕೆ ಸಂಚಾರ ಮಾಡಿಸಿದ್ದು ಪ್ರತಿಗಳನ್ನು. ಧವಲದ ಚರಿತ್ರೆಯೂ ಇದನ್ನೇ ಸಾರುತ್ತದೆ. ಮೂಲ ಓಲೆಗಳು ಮೂಡಬಿದಿರೆಯಲ್ಲಿಯೇ ಇದ್ದವು. ಸಹಾರನಪುರ, ಆರಾ, ಕಾರಂಜಾಗಳಿಗೆ ಹರಡಿದವು ಪ್ರತಿಲಿಪಿಗಳು. ಅವುಗಳ ಬಲದಿಂದಲೇ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲಾಸಹಿತ ಷಟ್ಖಂಡಾಗಮವು 16 ಸಂಪುಟಗಳಲ್ಲಿ ಹೊರಬರಲು ಮೊದಲಾಯಿತು. ಮುಂದೆ ಮೂಲದೊಡನೆ ಹೋಲಿಸಿ ಪಾಠವನ್ನು ತಿದ್ದಲು ಸಾಧ್ಯವಾದದ್ದು ಮೂಲವು ತನ್ನ ಸ್ಥಾನದಲ್ಲಿ ಸುರಕ್ಷಿತವಾಗಿದ್ದುದರಿಂದ.

ಆದುದರಿಂದ ಈ ವೃತ್ತಿಯನ್ನು ಕೈಗೊಳ್ಳುವ ತರುಣರಿಗೆ ಹಸ್ತಪ್ರತಿಯ ವಿಷಯದಲ್ಲಿ ಮಾರ್ಗ ಸ್ಪಷ್ಟವಾಗಿದೆ. ಸಂಚಾರಕ್ಕೆ ಉತ್ತಮ ಛಾಯಾಪ್ರತಿ ಹೊರಡಲಿ. ಅದರಲ್ಲಿ ಚಿತ್ರದ ಗರಿಯ ಪಕ್ಕದಲ್ಲಿ ಪ್ರಶಸ್ತಿಯ ಗರಿಯೂ, ಅದರ ಲಿಪ್ಯಂತರವೂ ಅನುವಾದವೂ ಇರಲಿ. ಬಾಡಿಗೆಯಿಂದ ಬಂದ ಹಣದ ಒಂದು ಪಾಲು ಮೂಲದ ಭಂಡಾರಕ್ಕೆ ಓಲೆಗಳ ಸಂರಕ್ಷಣೆಗೆಂದು ಸಲ್ಲಲಿ. ಸೂಚಿಗ್ರಂಥವಿಲ್ಲದೆ ಯಾವ ಪ್ರದರ್ಶನವೂ ಹೊರಡದಿರಲಿ. ಮೂಲವನ್ನು ಕಾಣಬಯಸುವವರು ಬಸದಿಗೆ ಬರಲಿ. ಶ್ರುತಪಂಚಮಿಯಂದು ಕಟ್ಟು ಬಿಚ್ಚಿ ಧೂಳು ಕೊಡವಿ, ಹೊಸ ವಸ್ತ್ರ ಹೊದಿಸಿ ಪೂಜಿಸುವ ದಿನ ಅದಕ್ಕೆ ಯೋಗ್ಯವಾದುದು. ಪ್ರದರ್ಶನದಿಂದ ಮನೆಗೆ ಮರಳಿದವರಲ್ಲಿ ಒಬ್ಬನಾದರೂ ಆ ಲಿಪಿಯನ್ನು ಕಲಿಯಲು ತೊಡಗಿದರೆ ಆ ವೃತ್ತಿ ಶಾಸ್ತ್ರದಾನದ ಅಂಗವಾಗುತ್ತದೆ. ಅಷ್ಟೂ ಆಗದಿದ್ದಲ್ಲಿ ಅದು ಚೀಟಿ ಕೊಂಡು ಮಾಡಿದ ದರ್ಶನವಾಗಿಯೇ ಉಳಿಯುತ್ತದೆ.