ಸೋತವರ ಚರಿತ್ರೆಯನ್ನು ಬರೆಯುವವರಾರು?

ನಮ್ಮ ಪರಿಚಯದ ಕುಟುಂಬವೊಂದರ ಯುವಕ ಗಲ್ಫ್‌ನಿಂದ ಮರಳಿ ಬಂದು ಊರಿನಲ್ಲೊಂದು ಬೇಕರಿ ತೆರೆದಿದ್ದ. ಉದ್ಘಾಟನೆಯ ದಿನ ಅವನಿಗೆ ಬಂದ ಉಡುಗೊರೆಗಳಲ್ಲಿ ಗೋಡೆ ಗಡಿಯಾರಗಳ ಜೊತೆಗೆ ಯಶಸ್ಸಿನ ಸೂತ್ರಗಳನ್ನು ಬೋಧಿಸುವ ಮೂರು ಪುಸ್ತಕಗಳಿದ್ದವು. ಎರಡು ವರ್ಷ ಕಳೆಯುವಷ್ಟರಲ್ಲಿ ಬೇಕರಿಯ ಬಾಗಿಲು ಮುಚ್ಚಿತು. ಕಟ್ಟಡದ ಬಾಡಿಗೆ, ಓವನ್ನು ಮತ್ತು ಫ್ರಿಜ್ಜಿಗೆಂದು ಮಾಡಿದ ಸಾಲ, ವಸೂಲಾಗದೆ ನಿಂತ ಉದ್ರಿ, ರಾತ್ರಿ ಉಳಿದು ಹಾಳಾಗುತ್ತಿದ್ದ ತಿಂಡಿ, ಕಾರಣಗಳೇನೂ ಗುಟ್ಟಾಗಿರಲಿಲ್ಲ. ಆದರೆ ಅವನು ನನ್ನೊಡನೆ ಹೇಳಿದ್ದೇ ಬೇರೆ: "ಕೊರತೆ ಇರುವುದು ನನ್ನಲ್ಲೇ ಅಂಕಲ್. ಗೆಲ್ಲುತ್ತೇನೆಂದು ನಾನು ಗಟ್ಟಿಯಾಗಿ ನಂಬಲಿಲ್ಲ."

ಹಣ ಕಳೆದುಕೊಂಡವನಿಗೆ ತಾನು ತಪ್ಪಿತಸ್ಥನೆಂಬ ಭಾವವನ್ನೂ ಸೇರಿಸಿ ಕೊಡುವ ಈ ಬೋಧನೆ ಎಲ್ಲಿಂದ ಬಂತು? ಸಣ್ಣ ವ್ಯಾಪಾರಕ್ಕೆ ಇಳಿಯುವ ನಮ್ಮ ಮಕ್ಕಳ ಕೈಗೆ ಇಂಥ ಪುಸ್ತಕಗಳನ್ನು ಪ್ರೀತಿಯಿಂದಲೇ ಇಡುವ ನಾವು, ಅವುಗಳನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಈ ಬಗೆಯ ಸಾಹಿತ್ಯಕ್ಕೆ ಹೆಸರನ್ನು ಕೊಟ್ಟದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ಪ್ರಕಟಿಸಿದ 'ಸೆಲ್ಫ್ ಹೆಲ್ಪ್'. ಅದರ ಹುಟ್ಟಿನ ಕತೆ ಸ್ವಾರಸ್ಯವಾದುದು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಡ ಕಾರ್ಮಿಕ ಯುವಕರು ಕೆಲವರು ಸಂಜೆಯ ಹೊತ್ತು ಒಟ್ಟುಗೂಡಿ, ಬಲ್ಲವನು ಅರಿಯದವನಿಗೆ ಕಲಿಸುತ್ತಾ ಓದು, ಬರಹ, ಗಣಿತಗಳನ್ನು ಅಭ್ಯಾಸ ಮಾಡುತ್ತಿದ್ದರು. ಹಿಂದೆ ಕಾಲರಾ ರೋಗಿಗಳನ್ನು ಇರಿಸಿದ್ದ ಕೊಠಡಿಯೊಂದನ್ನು, ಬೇರಾರೂ ಬಾಡಿಗೆಗೆ ಹಿಡಿಯಲು ಅಂಜುತ್ತಿದ್ದುದರಿಂದ, ಅವರು ಪಡೆದಿದ್ದರು. ಅಲ್ಲಿ ಸ್ಮೈಲ್ಸ್ ಮಾಡಿದ ಉಪನ್ಯಾಸಗಳೇ ಮುಂದೆ ಗ್ರಂಥವಾದವು. ಸ್ವಸಹಾಯವೆಂಬ ಹೆಸರಿನ ಪುಸ್ತಕ ಪರಸ್ಪರ ಸಹಾಯದ ಕೊಠಡಿಯಲ್ಲಿ ಹುಟ್ಟಿತು! ಹೆಸರು ಅಪಾರ್ಥಕ್ಕೆ ಎಡೆಮಾಡಿತೆಂದು ಲೇಖಕನೇ ನಂತರದ ಆವೃತ್ತಿಯ ಮುನ್ನುಡಿಯಲ್ಲಿ ನೊಂದುಕೊಂಡಿದ್ದಾನೆ. ತನಗೆ ತಾನು ನೆರವಾಗುವುದೆಂದರೆ ನೆರೆಯವರಿಗೂ ನೆರವಾಗುವುದೆಂದು ಅವನ ಅಭಿಪ್ರಾಯವಾಗಿತ್ತು.

ಅದೇ ಮುನ್ನುಡಿಯಲ್ಲಿ ಇನ್ನೊಂದು ಆಕ್ಷೇಪಕ್ಕೂ ಅವನು ಉತ್ತರಿಸುತ್ತಾನೆ. ಗೆದ್ದವರ ಬಾಳನ್ನಷ್ಟೇ ಏಕೆ ಬರೆದೆ, ಸೋತವರಿಗೂ ಒಬ್ಬ ಚರಿತ್ರಕಾರ ಬೇಡವೇ ಎಂಬುದು ಆ ಆಕ್ಷೇಪ. ಬೇಡವೆನ್ನಲು ಕಾರಣವಿಲ್ಲ, ಆದರೆ ಬರಿಯ ಸೋಲಿನ ಕತೆ ಓದುವವರ ಮನಸ್ಸನ್ನು ಕುಗ್ಗಿಸುತ್ತದೆ, ಅದರಿಂದ ಕಲಿಯುವುದೂ ಹೆಚ್ಚಿಲ್ಲ ಎಂಬುದು ಅವನ ಉತ್ತರದ ಸಾರ. ಈ ಸಾಹಿತ್ಯದ ಮೂಲದೋಷ ಇರುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಒಂದೇ ಬೀದಿಯಲ್ಲಿ ಹತ್ತು ಜನ ನಸುಕಿನಲ್ಲೆದ್ದು, ದುಡಿದು, ನಂಬಿಕೆಯಿಟ್ಟು ಅಂಗಡಿ ತೆರೆದರೆಂದು ಭಾವಿಸೋಣ. ಎಂಟು ಅಂಗಡಿಗಳು ಮುಚ್ಚಿದವು, ಎರಡು ಉಳಿದವು. ಉಳಿದ ಇಬ್ಬರನ್ನಷ್ಟೇ ಮಾತಾಡಿಸಿದವನಿಗೆ ನಸುಕಿನಲ್ಲೇಳುವುದೇ ಯಶಸ್ಸಿನ ಗುಟ್ಟಾಗಿ ಕಾಣುತ್ತದೆ. ಉಳಿದ ಎಂಟು ಮಂದಿಯೂ ಅದೇ ಹೊತ್ತಿಗೆ ಏಳುತ್ತಿದ್ದರೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಸ್ಮೈಲ್ಸ್‌ನಲ್ಲಿ ಕನಿಷ್ಠ ದುಡಿಮೆಗೆ, ಮಿತವ್ಯಯಕ್ಕೆ, ಶೀಲಕ್ಕೆ ಮನ್ನಣೆಯಿತ್ತು. 1937ರಲ್ಲಿ ಅಮೆರಿಕದ ನೆಪೋಲಿಯನ್ ಹಿಲ್ ಬರೆದ 'ಥಿಂಕ್ ಅಂಡ್ ಗ್ರೋ ರಿಚ್' ಕೃತಿಗೆ ಬರುವಾಗ ಒತ್ತು ದುಡಿಮೆಯಿಂದ ಬಯಕೆಯ ತೀವ್ರತೆಯ ಕಡೆಗೆ ಸರಿಯಿತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ತನಗೆ ಧನಿಕರ ಗುಟ್ಟನ್ನು ಅರಸುವ ಕೆಲಸ ವಹಿಸಿದ್ದನೆಂದು ಹಿಲ್ ಹೇಳಿಕೊಂಡಿದ್ದಾನೆ. ಆದರೆ ಕಾರ್ನೆಗಿ ತೀರಿಕೊಂಡದ್ದು 1919ರಲ್ಲಿ. ಇಬ್ಬರೂ ಭೇಟಿಯಾದರೆಂಬುದಕ್ಕೆ ಹಿಲ್‌ನ ಮಾತಿನ ಹೊರತು ಪುರಾವೆಯಿಲ್ಲ. ನಮ್ಮ ಕಾಲಕ್ಕೆ ಬಂದರೆ, 1997ರಲ್ಲಿ ಪ್ರಕಟವಾದ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಕೃತಿಯ ಲೇಖಕ ರಾಬರ್ಟ್ ಕಿಯೊಸಾಕಿಯ ಒಂದು ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅವರ ಉಪನ್ಯಾಸಗಳನ್ನು ಏರ್ಪಡಿಸಿದ್ದ ಸಂಸ್ಥೆಗೆ ಕೋಟ್ಯಂತರ ಡಾಲರ್ ಕೊಡಬೇಕೆಂದು ನ್ಯಾಯಾಲಯದಲ್ಲಿ ತೀರ್ಪಾದ ಮೇಲೆ ನಡೆದದ್ದಿದು. ವ್ಯಾಪಾರದಲ್ಲಿ ದಿವಾಳಿಯಾಗುವುದು ಪಾಪವಲ್ಲ. ಆದರೆ ಇತರರ ಸೋಲಿಗೆ ಅವರ ಮನೋಭಾವವೇ ಕಾರಣವೆಂದು ಬೋಧಿಸುವವರಿಗೆ ಕಾನೂನಿನ ಆಶ್ರಯವಿರುತ್ತದೆ. ಬೇಕರಿಯವನಿಗೆ ಅದೂ ಇಲ್ಲ.

ಈ ಪ್ರವಾಹಕ್ಕೆ ಧರ್ಮದ ಬಣ್ಣವೂ ತಗುಲಿತು. ನ್ಯೂಯಾರ್ಕಿನ ಪಾಲಕ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ 'ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್' ಬರೆದರು. ಪ್ರಾರ್ಥನೆಯನ್ನು ಯಶಸ್ಸಿನ ಉಪಕರಣವಾಗಿಸುವ ಆ ಬೋಧನೆಯನ್ನು ರೀನ್‌ಹೋಲ್ಡ್ ನೀಬೂರ್ ಅವರಂಥ ದೈವಶಾಸ್ತ್ರಜ್ಞರು ಅಂದೇ ಆಕ್ಷೇಪಿಸಿದ್ದರು. 2006ರಲ್ಲಿ ರೋಂಡಾ ಬರ್ನ್ ಅವರ 'ದಿ ಸೀಕ್ರೆಟ್' ಇನ್ನೂ ಮುಂದೆ ಹೋಗಿ, ನಾವು ಏನನ್ನು ಚಿಂತಿಸುತ್ತೇವೋ ಅದನ್ನೇ ನಮ್ಮೆಡೆಗೆ ಸೆಳೆಯುತ್ತೇವೆಂದು ಸಾರಿತು. ಈ ವಾದವನ್ನು ತಿರುಗಿಸಿ ನೋಡಿದರೆ ಅದರ ಕ್ರೌರ್ಯ ಕಾಣುತ್ತದೆ. ಸಿರಿವಂತ ತನ್ನ ಚಿಂತನೆಯಿಂದ ಸಿರಿವಂತನಾದನೆಂದರೆ, ಸಾಲದಲ್ಲಿ ಮುಳುಗಿದವನು ತನ್ನ ಚಿಂತನೆಯಿಂದಲೇ ಮುಳುಗಿದನೆಂದಾಗುತ್ತದೆ. ಬೂದಿಯಲ್ಲಿ ಕುಳಿತಿದ್ದ ಯೋಬನನ್ನು ಕಾಣಲು ಬಂದ ಗೆಳೆಯರ ತರ್ಕವೂ ಇದೇ ಆಗಿತ್ತು. ಏಳು ದಿನ ಮೌನವಾಗಿ ಜೊತೆಗಿದ್ದಾಗ ಅವರು ಗೆಳೆಯರಾಗಿದ್ದರು, ಬಾಯಿ ತೆರೆದಾಗ ತೀರ್ಪುಗಾರರಾದರು.

'ಇವೆಲ್ಲ ಮನಸ್ಸಿನ ಮಾತಾಯಿತು, ಸಂಶೋಧನೆಯಿಂದ ಹುಟ್ಟಿದ ಪುಸ್ತಕಗಳಿಲ್ಲವೇ?' ಎಂದು ಕೇಳಬಹುದು. ಇವೆ. ಜಿಮ್ ಕಾಲಿನ್ಸ್ 2001ರಲ್ಲಿ ಪ್ರಕಟಿಸಿದ 'ಗುಡ್ ಟು ಗ್ರೇಟ್' ಅವುಗಳಲ್ಲಿ ಪ್ರಸಿದ್ಧವಾದುದು. 1,435 ಕಂಪನಿಗಳಿಂದ ಹನ್ನೊಂದನ್ನು ಆರಿಸಿ, ಶ್ರೇಷ್ಠತೆಯ ಲಕ್ಷಣಗಳನ್ನು ಅದು ವಿವರಿಸಿತು. ಆ ಹನ್ನೊಂದರಲ್ಲಿ ಒಂದಾದ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿಯಾಗಿ ಮರುವರ್ಷ ತನ್ನ ಮಳಿಗೆಗಳನ್ನೆಲ್ಲ ಮುಚ್ಚಿತು. ಇನ್ನೊಂದಾದ ಫ್ಯಾನಿ ಮೇ 2008ರಲ್ಲಿ ಅಮೆರಿಕ ಸರ್ಕಾರದ ಹತೋಟಿಗೆ ಹೋಯಿತು. ದೊಡ್ಡವರು ಬೀಳುವ ಬಗೆಯ ಕುರಿತು ಕಾಲಿನ್ಸ್ 2009ರಲ್ಲಿ ಮತ್ತೊಂದು ಪುಸ್ತಕ ಬರೆದುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಫಿಲ್ ರೋಸೆನ್‌ಜ್ವೈಗ್ 2007ರ 'ದಿ ಹೇಲೊ ಎಫೆಕ್ಟ್' ಕೃತಿಯಲ್ಲಿ ಈ ಭ್ರಮೆಯನ್ನು ಸ್ಪಷ್ಟವಾಗಿ ಬಿಡಿಸಿಟ್ಟಿದ್ದಾರೆ. ಕಂಪನಿ ಲಾಭದಲ್ಲಿದ್ದಾಗ ಅದರ ನಾಯಕನ ಹಟ ದೃಢತೆಯೆನಿಸುತ್ತದೆ, ನಷ್ಟ ಬಂದಾಗ ಅದೇ ಹಟ ಮೊಂಡುತನವೆನಿಸುತ್ತದೆ. ಫಲವನ್ನು ನೋಡಿದ ಮೇಲೆ ಗುಣವನ್ನು ಹೆಸರಿಸುವುದು ಸುಲಭ.

ಹಾಗಾದರೆ ಸಲಹೆಯೇ ಬೇಡವೇ? ಬೇಕು. ಲೀಡ್ಸ್‌ನ ಆ ಕೊಠಡಿಯ ಕಾಲಕ್ಕೇ, ಅದೇ ಉತ್ತರ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ 1844ರಲ್ಲಿ ಸಹಕಾರಿ ಅಂಗಡಿಯೊಂದನ್ನು ತೆರೆದರು. ಅಪ್ಪಟ ಸರಕು, ಸರಿಯಾದ ತೂಕ, ಕೈಗೆ ಕೈ ಹಣ, ಎಲ್ಲರೆದುರು ಲೆಕ್ಕ, ಇವು ಅವರ ನಿಯಮಗಳು. ಆ ಸಹಕಾರ ತತ್ತ್ವ ನಮ್ಮ ನಾಡಿಗೂ ಬಂತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಸ್ಥಾಪನೆಯಾಯಿತು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು.

ಆ ಮೊದಲ ಕಾಯಿದೆಯಲ್ಲಿ ಗ್ರಾಮೀಣ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಯ ನಿಯಮವಿತ್ತು. ಎಂದರೆ, ಸಂಘದ ಸಾಲ ತೀರದೆ ಹೋದರೆ ಎಲ್ಲ ಸದಸ್ಯರೂ ಅದಕ್ಕೆ ಬಾಧ್ಯರು. ಹೀಗಿರುವಾಗ ಸಾಲ ಕೇಳಿ ಬಂದವನಿಗೆ ನೆರೆಯವರು 'ದೊಡ್ಡ ಕನಸು ಕಾಣು' ಎಂದು ಹೇಳಿ ಕಳುಹಿಸುತ್ತಿರಲಿಲ್ಲ. ಯಾವುದಕ್ಕೆ ಹಣ, ಬೆಳೆ ಯಾವಾಗ ಕೈಗೆ ಬರುತ್ತದೆ, ತೀರಿಸುವುದು ಹೇಗೆ ಎಂದು ಕೇಳಲೇಬೇಕಿತ್ತು. ಸಲಹೆ ಕೊಡುವವನಿಗೆ ಕೇಳುವವನ ನಷ್ಟದಲ್ಲೂ ಪಾಲಿತ್ತು. ಸಹಕಾರಿ ಸಂಘಗಳೂ ಕೆಟ್ಟಿವೆ, ಅಲ್ಲಿಯೂ ಅವ್ಯವಹಾರ ನಡೆದಿದೆ. ಆದರೆ ಅಲ್ಲಿ ಒಂದು ಲೆಕ್ಕದ ಪುಸ್ತಕವಿತ್ತು. ಸೋಲು ಅದರಲ್ಲಿ ದಾಖಲಾಗುತ್ತಿತ್ತು.

ಆ ಬೇಕರಿಗೂ ಇಂಥದೊಂದು ಲೆಕ್ಕವನ್ನು ಮೊದಲೇ ಹಾಕಬಹುದಿತ್ತು. ಉದಾಹರಣೆಗೆ, ನೂರು ರೂಪಾಯಿಯ ಮಾರಾಟದಲ್ಲಿ ಮೈದಾ, ಸಕ್ಕರೆ, ಎಣ್ಣೆಯ ಖರ್ಚು ಕಳೆದು 25 ರೂಪಾಯಿ ಉಳಿಯುವುದೆನ್ನಿ. ಬಾಡಿಗೆ, ಸಂಬಳ, ವಿದ್ಯುತ್ತು, ಸಾಲದ ಕಂತು ಸೇರಿ ತಿಂಗಳಿಗೆ 40,000 ರೂಪಾಯಿ ಬೇಕಾದರೆ, 1,60,000 ರೂಪಾಯಿಯ ಮಾರಾಟ ಆಗಲೇಬೇಕು. ಒಂದು ದಿನವೂ ಬಾಗಿಲು ಹಾಕದೆ ದಿನಕ್ಕೆ 5,300 ರೂಪಾಯಿಗೂ ಹೆಚ್ಚು! ಅಷ್ಟಾದರೂ ಮಾಲೀಕನ ಮನೆಗೆ ಒಂದು ಕಾಸೂ ಬರುವುದಿಲ್ಲ. ಆ ಬೀದಿಯಲ್ಲಿ ಅಷ್ಟು ಗಿರಾಕಿಗಳಿದ್ದಾರೆಯೇ ಎಂಬ ಪ್ರಶ್ನೆಗೆ ಆತ್ಮವಿಶ್ವಾಸ ಉತ್ತರವಾಗಲಾರದು.

ತಾಳ್ಮೆ, ಸೌಜನ್ಯ, ಧೈರ್ಯ ಬೇಡವೆಂದು ಯಾರೂ ಹೇಳಲಾರರು. ಅವಿಲ್ಲದೆ ಲೆಕ್ಕ ಸರಿಯಿದ್ದ ಅಂಗಡಿಯೂ ನಡೆಯದು. ಆದರೆ ಅವುಗಳನ್ನೇ ಬಂಡವಾಳವೆಂದು ಮಾರುವವರು ಎದುರಾದಾಗ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳೋಣ. ನಿಮ್ಮ ಮಾತಿನಂತೆ ನಡೆದು ಸೋತವರೆಷ್ಟು ಮಂದಿ? ನಿಮ್ಮ ಜೀವನ ನಡೆಯುವುದು ವ್ಯಾಪಾರದಿಂದಲೋ, ವ್ಯಾಪಾರದ ಕುರಿತ ಭಾಷಣದಿಂದಲೋ? ನಾನು ಸೋತರೆ ನಿಮಗಾಗುವ ನಷ್ಟವೇನು?

ಆ ಯುವಕ ಈಗ ಬೇರೊಬ್ಬರ ಅಂಗಡಿಯಲ್ಲಿ ದುಡಿಯುತ್ತಾ ಸಾಲ ತೀರಿಸುತ್ತಿದ್ದಾನೆ. ಮುಂದೆ ಅಂಗಡಿ ತೆರೆಯಲು ಹೊರಟವರು ಅವನ ಹಳೆಯ ಲೆಕ್ಕದ ಪುಸ್ತಕವನ್ನು ಒಂದು ಸಂಜೆ ಕುಳಿತು ಓದಿದರೆ, ಉದ್ರಿ ಎಷ್ಟಾದಾಗ ನಿಲ್ಲಿಸಬೇಕು, ಬಾಡಿಗೆ ಎಷ್ಟಾದರೆ ಕೈಬಿಡಬೇಕು ಎಂಬುದು ತಿಳಿದೀತು. ಸೋತವರು ನಾಚಿಕೆಯಿಲ್ಲದೆ ತಮ್ಮ ಲೆಕ್ಕವನ್ನು ತೆರೆದು ತೋರಿಸಬಲ್ಲಂಥ ಒಂದು ಕೊಠಡಿ ನಮ್ಮ ಊರುಗಳಲ್ಲಿ ಇರಬೇಕು. ಮುಂದಿನ ಉದ್ಘಾಟನೆಗೆ ಹೋಗುವಾಗ ಪುಸ್ತಕವನ್ನು ಒಯ್ಯದಿದ್ದರೂ ಚಿಂತೆಯಿಲ್ಲ. ಆರು ತಿಂಗಳ ಬಳಿಕ ಮತ್ತೊಮ್ಮೆ ಹೋಗಿ, "ಲೆಕ್ಕ ಹೇಗಿದೆ, ಕುಳಿತು ನೋಡೋಣವೇ?" ಎಂದು ಕೇಳೋಣ.