ಯಂತ್ರಕ್ಕಾಗಿ ನೆಟ್ಟಗಾದ ಅಕ್ಷರ

ಡಚ್ ವಿನ್ಯಾಸಕಾರ ವಿಮ್ ಕ್ರೌವೆಲ್ 1967ರಲ್ಲಿ ಪ್ರಕಟಿಸಿದ ‘ನ್ಯೂ ಆಲ್ಫಬೆಟ್’ ಎಂಬ ಅಕ್ಷರಮಾಲೆಯಲ್ಲಿ ಒಂದೇ ಒಂದು ದುಂಡು ಗೆರೆಯಿಲ್ಲ. ಇರುವುದೆಲ್ಲ ಅಡ್ಡಗೆರೆ, ಉದ್ದಗೆರೆ. ಮೂಲೆಗಳಲ್ಲಿ ಮಾತ್ರ ಸಣ್ಣದೊಂದು ಓರೆ. ಕಂಪ್ಯೂಟರ್ ಕಾಲದ ಅಕ್ಷರವೆಂದು ಹೆಸರಾದ ಇದು ಹುಟ್ಟಿದ್ದು ಗ್ರಾಫ್ ಹಾಳೆಯ ಮೇಲೆ, ಕೈಬರಹದ ಕರಡಿನಲ್ಲಿ.

ಆಗಷ್ಟೇ ಜರ್ಮನಿಯಲ್ಲಿ ಪರದೆಯ ಮೇಲೆ ಅಕ್ಷರ ಮೂಡಿಸುವ ಯಂತ್ರಗಳು ಬಂದಿದ್ದವು. ಅವುಗಳಲ್ಲಿ ಗ್ಯಾರಮಾಂಡ್‌ನಂಥ ಹಳೆಯ ಅಕ್ಷರಗಳ ಬಳುಕು ಮೆಟ್ಟಿಲುಮೆಟ್ಟಿಲಾಗಿ ಒಡೆದು ಕಾಣುವುದನ್ನು ಕ್ರೌವೆಲ್ ಕಂಡರು. ಯಂತ್ರಕ್ಕೆ ಒಗ್ಗದ ಅಕ್ಷರವನ್ನು ಅದರ ಮೇಲೆ ಹೇರುವ ಬದಲು, ಯಂತ್ರಕ್ಕೆ ಸಹಜವಾದ ಅಕ್ಷರವನ್ನೇ ಏಕೆ ಬರೆಯಬಾರದು? ಎಲ್ಲ ಅಕ್ಷರಗಳಿಗೂ ಒಂದೇ ಅಗಲ ಕೊಟ್ಟರು. ದೊಡ್ಡಕ್ಷರಗಳನ್ನು ಕೈಬಿಟ್ಟು ಅದರ ಬದಲಿಗೆ ತಲೆಯ ಮೇಲೊಂದು ಗೆರೆ ಇಟ್ಟರು. ‘ಎನ್’ ಕೆಳಗೆ ಗೆರೆ ಎಳೆದರೆ ‘ಎಮ್’ ಆಯಿತು.

ಇದನ್ನು ಓದಲಾಗುವುದಿಲ್ಲ ಎಂಬುದು ಎಲ್ಲರ ದೂರು. ನನಗೆ ಆ ದೂರು ಪೂರ್ತಿ ಒಪ್ಪಿಗೆಯಿಲ್ಲ. ದ-ಧ, ಡ-ಢ, ಪ-ಫ ಇವುಗಳ ನಡುವೆ ಇರುವುದು ಬುಡದಲ್ಲೊಂದು ಸೀಳು ಮಾತ್ರ. ಅಷ್ಟನ್ನೇ ನೋಡಿ ನಾವು ತಡವರಿಸದೆ ಓದುತ್ತೇವೆ. ಓದುವುದು ಕಣ್ಣಿಗಿಂತ ಹೆಚ್ಚಾಗಿ ರೂಢಿಯ ಕೆಲಸ. ಹಾಗಿದ್ದರೆ ಕ್ರೌವೆಲ್ ಸೋತದ್ದೆಲ್ಲಿ?

ಅದನ್ನು ತಿಳಿಯಲು ಒಂದು ಸಂಜೆ ಅವರ ನಿಯಮಗಳನ್ನೇ ಹಿಡಿದು ಗ್ರಾಫ್ ಹಾಳೆಯ ಮೇಲೆ ಕನ್ನಡ ಬರೆದು ನೋಡಿದೆ. ರ, ಠ ಸುಲಭವಾಗಿ ಬಂದವು: ಚೌಕದ ಮೇಲೆ ತಲೆಕಟ್ಟು, ಚೌಕದೊಳಗೆ ಚುಕ್ಕಿ. ‘ಝ’ವನ್ನು ‘ರ’ದಷ್ಟೇ ಅಗಲದಲ್ಲಿ ಹಿಡಿಸಲು ಹೋದಾಗ ಗೆರೆಗಳು ಒಂದಕ್ಕೊಂದು ಅಂಟಿಕೊಂಡವು. ತಲೆಯ ಮೇಲಿನ ಜಾಗವನ್ನು ಗುಡಿಸು ಹಿಡಿದಿತ್ತು, ಕೆಳಗಿನ ಜಾಗದಲ್ಲಿ ಒತ್ತಕ್ಷರ ಕೂತಿತ್ತು. ಕ್ರೌವೆಲ್ ಗೆರೆ ಎಳೆದ ಎರಡು ಜಾಗಗಳಲ್ಲೂ ನಮ್ಮಲ್ಲಿ ಆಗಲೇ ಒಕ್ಕಲಿದ್ದರು! ‘ಸ್ತ್ರೀ’ ಬರೆಯುವಷ್ಟರಲ್ಲಿ ಹಾಳೆ ಮಡಚಿಟ್ಟೆ. ಯಂತ್ರಕ್ಕೆ ಸಹಜವೆಂದು ಅವರು ಕಂಡುಕೊಂಡ ಪರಿಹಾರ ಸದ್ದಿಲ್ಲದೆ ರೋಮನ್ ಲಿಪಿಯ ಸರಳತೆಯನ್ನು ನೆಚ್ಚಿಕೊಂಡಿತ್ತು.

ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. ಹೊಸ ಅಕ್ಷರ ರೂಢಿಯಾಗಲು ತಲೆಮಾರುಗಳು ಬೇಕು. ಯಂತ್ರ ಅಷ್ಟು ದಿನ ಬದಲಾಗದೆ ಕಾಯುವುದಿಲ್ಲ. ಕ್ರೌವೆಲ್‌ಗೆ ಎದುರು ಪ್ರಸ್ತಾವ ಮುಂದಿಟ್ಟ ಕಿರಿಯ ವಿನ್ಯಾಸಕಾರ ಗೆರಾರ್ಡ್ ಉಂಗರ್, 1970ರ ದಶಕದಲ್ಲಿ ಅಂಥದೇ ಯಂತ್ರಕ್ಕೆ ‘ಡೆಮೋಸ್’ ಅಕ್ಷರಗಳನ್ನು ರೂಪಿಸಿದರು. ಅವು ಗಟ್ಟಿಮುಟ್ಟಾದ, ಯಾರೂ ಓದಬಲ್ಲ ಅಕ್ಷರಗಳು. ‘ನ್ಯೂ ಆಲ್ಫಬೆಟ್’ ಮಾತ್ರ ಚಿತ್ರವಾಗಿ ಉಳಿಯಿತು. ಜಾಯ್ ಡಿವಿಷನ್ ಬ್ಯಾಂಡಿನ ‘ಸಬ್‌ಸ್ಟೆನ್ಸ್’ (1988) ಸಂಕಲನದ ಹೊದಿಕೆಯಲ್ಲಿ ಅದನ್ನು ಬಳಸಿದಾಗ, ಓದಲು ಸಿಗಲೆಂದು ಅಕ್ಷರಗಳನ್ನು ತಿದ್ದಬೇಕಾಯಿತು. ಕ್ರೌವೆಲ್ ನಿಯಮದಂತೆ ಓದಿದರೆ ಅಲ್ಲಿ ‘ಸಬ್‌ಸ್ಟೆನ್ಸ್’ ಎಂಬ ಪದವೇ ಇಲ್ಲ.

ಇದು ಬಳಕೆಗಲ್ಲ, ಒಂದು ಪ್ರಸ್ತಾವ ಮಾತ್ರ ಎಂದು ಕ್ರೌವೆಲ್ ಕೊನೆಯವರೆಗೂ ಹೇಳುತ್ತಿದ್ದರು. ಆ ಪ್ರಾಮಾಣಿಕತೆಯೇ ಈ ಕೃತಿಯ ನಿಜವಾದ ಗುಣ. ಯಂತ್ರದ ಹೆಸರಿನಲ್ಲಿ ಲಿಪಿಯನ್ನು ತಿದ್ದಹೊರಟ ಅನೇಕರಲ್ಲಿ ಅದು ಕಾಣುವುದಿಲ್ಲ. ಒತ್ತಕ್ಷರಗಳನ್ನು ಬಿಟ್ಟರೆ ಕೀಲಿಮಣೆಗೆ ಅನುಕೂಲ ಎಂಬ ವಾದ ನಮ್ಮಲ್ಲೂ ಕೇಳಿಬರುತ್ತಿತ್ತು. ಇಂದು ಜೇಬಿನ ಫೋನೇ ‘ಸ್ತ್ರೀ’ಯನ್ನು ಸರಿಯಾಗಿ ಮೂಡಿಸುತ್ತದೆ. ಆ ವಾದ ಗೆದ್ದಿದ್ದರೆ ಯಂತ್ರದ ಕಷ್ಟ ಹೇಗೂ ತೀರಿರುತ್ತಿತ್ತು. ಅಜ್ಜನ ಕಾಲದ ಪುಸ್ತಕ ತೆರೆದಾಗ ತಡವರಿಸುವ ಕಷ್ಟ ಮಾತ್ರ ನಮಗೆ ಉಳಿಯುತ್ತಿತ್ತು.