ಸ್ನ್ಯಾಪ್‌ಶಾಟ್: ರಕ್ಷಣೆಯ ಪೂರ್ವಾರ್ಧ

ಕುಬರ್ನೆಟೀಸ್ ಕ್ಲಸ್ಟರುಗಳಲ್ಲಿ ಡೇಟಾಬೇಸುಗಳನ್ನು ನಡೆಸತಕ್ಕವರ ನಡುವೆ ಈಚಿನ ವರ್ಷಗಳಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಡೇಟಾಬೇಸು ತನ್ನ ಕಡತಗಳನ್ನು ಬರೆದಿಡುವ ವಾಲ್ಯೂಮಿನ ಸ್ನ್ಯಾಪ್‌ಶಾಟನ್ನು ಕಾಲಕಾಲಕ್ಕೆ ತೆಗೆದಿಟ್ಟರೆ ಬ್ಯಾಕಪ್ಪಿನ ಕರ್ತವ್ಯ ಮುಗಿಯಿತೆಂಬುದೇ ಆ ನಂಬಿಕೆ. ಇದು ನಿರಾಧಾರವಾದುದೆಂದು ಯಾರೂ ಹೇಳಲಾರರು. ಏಕೆಂದರೆ ಹಲವು ಟೆರಾಬೈಟುಗಳ ಡೇಟಾಬೇಸಿಗೂ ಕೆಲವೇ ಕ್ಷಣಗಳಲ್ಲಿ ಒಂದು ನಿಶ್ಚಿತ ಕಾಲಬಿಂದುವಿನ ಪ್ರತಿಯನ್ನು ಒದಗಿಸುವ ಸಾಮರ್ಥ್ಯ ಈ ಉಪಾಯಕ್ಕೆ ನಿಜವಾಗಿಯೂ ಉಂಟು. ಆದರೆ ಆ ಪ್ರತಿಯು ಯಾವುದರ ಪ್ರತಿ, ಅದು ಎಲ್ಲಿ ಇರುತ್ತದೆ, ಆಪತ್ತು ಬಂದ ದಿನ ಅದರಿಂದ ಎಷ್ಟನ್ನು ಮರಳಿ ಪಡೆಯಬಹುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ತೂಗಿ ನೋಡದ ಹೊರತು ಅದರ ಯೋಗ್ಯತೆಯನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

ಮೊದಲು ಈ ಸಾಧನೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ಗೂಗಲ್ ಸಂಸ್ಥೆ 2014ರಲ್ಲಿ ಲೋಕಕ್ಕೆ ತೆರೆದಿಟ್ಟು, 2015ರ ಜುಲೈನಲ್ಲಿ 1.0 ಆವೃತ್ತಿಯಾಗಿ ಹೊರಬಂದ ಕುಬರ್ನೆಟೀಸ್, ಮುಖ್ಯವಾಗಿ ಪೂರ್ವಸ್ಮೃತಿಯ ಹಂಗಿಲ್ಲದ ಸೇವೆಗಳಿಗಾಗಿ ರೂಪುಗೊಂಡದ್ದು; ಒಂದು ಕಂಟೇನರು ನಿಂತರೆ ಅದೇ ಬಗೆಯ ಮತ್ತೊಂದನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸುವುದೇ ಅದರ ಮೂಲಧರ್ಮ. ಡೇಟಾಬೇಸಿನ ಸ್ವಭಾವವಾದರೋ ಇದಕ್ಕೆ ವಿರುದ್ಧವಾದುದು. ನಿನ್ನೆ ಬರೆದುದನ್ನು ಇಂದು ಅಣುಮಾತ್ರವೂ ತಪ್ಪದೆ ಹೇಳಬಲ್ಲುದೆಂಬುದರಲ್ಲಿಯೇ ಅದರ ಅಸ್ತಿತ್ವದ ಅರ್ಥವೆಲ್ಲ ಅಡಗಿದೆ. ಈ ಎರಡು ಸ್ವಭಾವಗಳನ್ನು ಸಂಧಾನಗೊಳಿಸುವ ಪ್ರಯತ್ನವಾಗಿ 2016ರಲ್ಲಿ ಪೆಟ್‌ಸೆಟ್ ಎಂಬ ಹೆಸರಿನಿಂದ ಹುಟ್ಟಿದ ವ್ಯವಸ್ಥೆಯು ಅದೇ ವರ್ಷದ ಕೊನೆಗೆ ಸ್ಟೇಟ್‌ಫುಲ್‌ಸೆಟ್ ಎಂದಾಯಿತು. ಬಗೆಬಗೆಯ ಶೇಖರಣಾ ಸಾಧನಗಳನ್ನು ಒಂದೇ ಕ್ರಮದಲ್ಲಿ ಜೋಡಿಸುವ ಸಿಎಸ್‌ಐ ಎಂಬ ಒಡಂಬಡಿಕೆ 2018ರ ಡಿಸೆಂಬರಿನಲ್ಲಿ ಕುಬರ್ನೆಟೀಸಿನ 1.13 ಆವೃತ್ತಿಯೊಡನೆ ಸ್ಥಿರವಾಯಿತು. ಅದರ ಆಧಾರದ ಮೇಲೆ 2018ರಲ್ಲಿ ಪ್ರಾಯೋಗಿಕವಾಗಿ ಕಾಣಿಸಿಕೊಂಡ ವಾಲ್ಯೂಮ್ ಸ್ನ್ಯಾಪ್‌ಶಾಟಿನ ಸೌಲಭ್ಯ 2020ರ ಡಿಸೆಂಬರಿನ 1.20 ಆವೃತ್ತಿಯಲ್ಲಿ ಪಕ್ವವಾಯಿತು. ಇದಕ್ಕೆ ಮುಂಚೆ ಒಬ್ಬೊಬ್ಬ ಶೇಖರಣಾ ಮಾರಾಟಗಾರನ ಬಾಗಿಲಲ್ಲಿ ಒಂದೊಂದು ಭಾಷೆಯನ್ನಾಡಬೇಕಾಗಿದ್ದ ನಿರ್ವಾಹಕನು, ಈಗ ಸೆಫ್ ಇರಲಿ, ಅಮೆಜಾನಿನ ಇಬಿಎಸ್ ಇರಲಿ, ವಾಲ್ಯೂಮ್‌ಸ್ನ್ಯಾಪ್‌ಶಾಟ್ ಎಂಬ ಒಂದೇ ಬಗೆಯ ಕೋರಿಕೆಯಿಂದ ಕಾರ್ಯವನ್ನು ಸಾಧಿಸಿಕೊಳ್ಳಬಹುದು.

ಇದರ ಹಿಂದಿರುವ ತಂತ್ರವೂ ಮೆಚ್ಚತಕ್ಕದ್ದೇ. ಸ್ನ್ಯಾಪ್‌ಶಾಟನ್ನು ತೆಗೆಯುವ ಘಳಿಗೆಯಲ್ಲಿ ದತ್ತಾಂಶವೆಲ್ಲವೂ ನಕಲಾಗುವುದಿಲ್ಲ. ಆ ಘಳಿಗೆಯಲ್ಲಿ ಯಾವ ಯಾವ ಬ್ಲಾಕುಗಳು ವಾಲ್ಯೂಮಿಗೆ ಸೇರಿದ್ದುವೆಂಬ ನಕ್ಷೆಯನ್ನು ಸ್ಥಿರಗೊಳಿಸಿ, ಆಮೇಲೆ ಬದಲಾಗುವ ಬ್ಲಾಕುಗಳ ಹಳೆಯ ರೂಪವನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ನೆಟ್‌ಆಪ್ ಸಂಸ್ಥೆಯ ವಾಫ್ಲ್ ಕಡತವ್ಯವಸ್ಥೆಯನ್ನು ವಿವರಿಸಿದ 1994ರ ಪ್ರಬಂಧದ ಕಾಲದಿಂದಲೂ ತಿಳಿದವರಿಗೆ ತಿಳಿದಿದ್ದ ಈ ಉಪಾಯದಲ್ಲಿ, ತಗಲುವ ವೇಳೆಗೂ ಡೇಟಾಬೇಸಿನ ಗಾತ್ರಕ್ಕೂ ಹೆಚ್ಚಿನ ಸಂಬಂಧವಿರುವುದಿಲ್ಲ. ಇನ್ನೊಂದು ಗುಣವನ್ನು ವಿಶೇಷವಾಗಿ ಹೇಳಬೇಕು. ಕುಬರ್ನೆಟೀಸಿನಲ್ಲಿ ಸ್ನ್ಯಾಪ್‌ಶಾಟಿನಿಂದ ಮರಳಿ ಪಡೆಯುವುದೆಂದರೆ ಹಳೆಯ ವಾಲ್ಯೂಮನ್ನು ಅಳಿಸಿ ಅದರ ಮೇಲೆ ಬರೆಯುವುದಲ್ಲ. ಸ್ನ್ಯಾಪ್‌ಶಾಟನ್ನು ಮೂಲವೆಂದು ನಿರ್ದೇಶಿಸಿ ಹೊಸದೊಂದು ವಾಲ್ಯೂಮನ್ನು ಬೇಡುವುದು. ಕೆಟ್ಟುಹೋದ ಡೇಟಾಬೇಸು ಕೆಟ್ಟ ಸ್ಥಿತಿಯಲ್ಲಿಯೇ ಪರೀಕ್ಷೆಗಾಗಿ ಉಳಿದಿರುವುದರಿಂದ, ಗಾಬರಿಯಲ್ಲಿ ಮಾಡಿದ ಪುನಃಸ್ಥಾಪನೆಯೇ ಎರಡನೆಯ ಅನಾಹುತವಾಗುವ ಭಯ ಇಲ್ಲಿ ಬಹುಮಟ್ಟಿಗೆ ತಪ್ಪಿದೆ.

ಇನ್ನು ಮೊದಲನೆಯ ಪ್ರಶ್ನೆ: ಇದು ಯಾವುದರ ಪ್ರತಿ? ಸ್ನ್ಯಾಪ್‌ಶಾಟು ಬಲ್ಲುದು ಬ್ಲಾಕುಗಳನ್ನು. ವ್ಯವಹಾರವೊಂದು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಅದು ಅರಿಯದು. ನಮ್ಮ ಹಳೆಯ ಮಂಡಿಗಳಲ್ಲಿ ವ್ಯಾಪಾರವಾದೊಡನೆ ಮೊದಲು ಕಿರ್ದಿಯಲ್ಲಿ ಬರೆದು, ಬಿಡುವಾದಾಗ ಅದನ್ನು ಖಾತೆಗಳಿಗೆ ಏರಿಸುತ್ತಿದ್ದಂತೆ, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೊದಲಾದ ಡೇಟಾಬೇಸುಗಳು ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಲಾಗಿನಲ್ಲಿ ದಾಖಲಿಸಿ, ಮೂಲ ಕಡತಗಳಿಗೆ ನಿಧಾನವಾಗಿ ಏರಿಸುತ್ತವೆ. ಆದುದರಿಂದ ಯಾವ ಕ್ಷಣದಲ್ಲಿ ನೋಡಿದರೂ ಮೂಲ ಕಡತಗಳು ಅಪೂರ್ಣವಾಗಿಯೇ ಇರುತ್ತವೆ. ಅವುಗಳ ಪೂರ್ಣತೆ ಲಾಗಿನಲ್ಲಿರುತ್ತದೆ. ಈ ಕ್ರಮವನ್ನು ವ್ಯವಸ್ಥಿತ ಶಾಸ್ತ್ರವಾಗಿ ನಿರೂಪಿಸಿದ ಏರೀಸ್ ಎಂಬ ಪ್ರಬಂಧವನ್ನು 1992ರಲ್ಲಿ ಪ್ರಕಟಿಸಿದವರು ಐಬಿಎಂ ಸಂಸ್ಥೆಯಲ್ಲಿದ್ದ ಸಿ. ಮೋಹನ್ ಮತ್ತು ಅವರ ಸಹೋದ್ಯೋಗಿಗಳು. ಚಾಲನೆಯಲ್ಲಿರುವ ಡೇಟಾಬೇಸಿನ ವಾಲ್ಯೂಮನ್ನು ಏಕಕ್ಷಣದಲ್ಲಿ ಹಿಡಿದ ಸ್ನ್ಯಾಪ್‌ಶಾಟು ಆ ಕ್ಷಣದಲ್ಲಿಯೇ ವಿದ್ಯುತ್ತು ನಿಂತುಹೋದ ಯಂತ್ರದ ಡಿಸ್ಕಿಗೆ ಸಮಾನ. ಅದನ್ನು ತೆರೆದಾಗ ಪೋಸ್ಟ್‌ಗ್ರೆಸ್ ತಾನು ಹಠಾತ್ತಾಗಿ ನಿಂತಿತ್ತೆಂದು ತಿಳಿದು, ಲಾಗನ್ನು ಓದಿ, ಬಾಕಿಯಿದ್ದುದನ್ನು ಏರಿಸಿಕೊಂಡು ಸುಸ್ಥಿತಿಗೆ ಬರುತ್ತದೆ. ಹಾಗೆ ನೋಡಿದರೆ ಸ್ನ್ಯಾಪ್‌ಶಾಟಿನ ವಿಶ್ವಾಸಾರ್ಹತೆಯೆಂದು ನಾವು ಹೊಗಳುವುದರಲ್ಲಿ ಬಹುಭಾಗ ಡೇಟಾಬೇಸಿನ ಸ್ವಂತ ಚೇತರಿಕೆಯ ಶಕ್ತಿಗೇ ಸೇರತಕ್ಕದ್ದು.

ಈ ಚೇತರಿಕೆಗೆ ಒಂದು ಕಠಿನವಾದ ನಿಯಮವುಂಟು: ಮೂಲ ಕಡತಗಳೂ ಲಾಗೂ ಒಂದೇ ಕ್ಷಣದವಾಗಿರಬೇಕು. ವೇಗದ ಆಸೆಯಿಂದ ಲಾಗನ್ನು ಪ್ರತ್ಯೇಕ ವಾಲ್ಯೂಮಿನಲ್ಲಿಟ್ಟು, ಎರಡಕ್ಕೂ ಬೇರೆ ಬೇರೆಯಾಗಿ ಸ್ನ್ಯಾಪ್‌ಶಾಟು ತೆಗೆದರೆ, ನಡುವೆ ಕಳೆದ ಕೆಲವೇ ಕ್ಷಣಗಳ ಅಂತರವು ಆ ಜೋಡಿಯನ್ನು ನಿರರ್ಥಕಗೊಳಿಸಬಲ್ಲುದು. ಹಲವು ವಾಲ್ಯೂಮುಗಳನ್ನು ಒಟ್ಟಾಗಿ ಹಿಡಿಯುವ ಸಮೂಹ ಸ್ನ್ಯಾಪ್‌ಶಾಟು ಕುಬರ್ನೆಟೀಸಿನ 2023ರ 1.27 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂದು, 2024ರ ಡಿಸೆಂಬರಿನ 1.32ರಲ್ಲಿ ಬೀಟಾ ಹಂತವನ್ನು ಮುಟ್ಟಿತು. ಒಂಟಿ ವಾಲ್ಯೂಮಿನ ಸೌಲಭ್ಯ ಪಕ್ವವಾದ ಮೇಲೂ ನಾಲ್ಕು ವರ್ಷಗಳ ಕಾಲ ಈ ಕೊರತೆಯನ್ನು ಬಳಕೆದಾರರೇ ತಮ್ಮ ಎಚ್ಚರದಿಂದ ತುಂಬಿಕೊಳ್ಳಬೇಕಾಯಿತೆಂಬುದು ಈ ಸಾಧನದ ಇತಿಹಾಸದಲ್ಲಿ ಗಮನಿಸತಕ್ಕ ಅಂಶ.

ಆ ಎಚ್ಚರವೂ ಎಷ್ಟೋ ಸಲ ಹೊರನೋಟದ್ದಾಗಿರುತ್ತದೆ. ವೆಲೆರೊ ಮುಂತಾದ ಬ್ಯಾಕಪ್ ಸಾಧನಗಳಲ್ಲಿ ಸ್ನ್ಯಾಪ್‌ಶಾಟಿಗೆ ಮುಂಚೆ ಒಂದು ಆಜ್ಞೆಯನ್ನೂ ಅನಂತರ ಒಂದು ಆಜ್ಞೆಯನ್ನೂ ಕಂಟೇನರಿನೊಳಗೆ ನಡೆಸುವ ಹುಕ್ಕುಗಳ ಏರ್ಪಾಡಿದೆ. ಕಡತವ್ಯವಸ್ಥೆಯನ್ನೇ ತಾತ್ಕಾಲಿಕವಾಗಿ ಸ್ತಂಭನಗೊಳಿಸುವ ಎಫ್‌ಎಸ್‌ಫ್ರೀಜ್ ಆಜ್ಞೆಗೆ ಇದು ಸಾಕು. ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕಗಳಿಗೆಲ್ಲ ಓದುವ ಬೀಗವನ್ನು ಹಾಕುವ ಆಜ್ಞೆಯನ್ನು ಮುಂಗಡ ಹುಕ್ಕಿನಲ್ಲಿ ನಡೆಸಿದರೆ, ಹುಕ್ಕು ಮುಗಿದೊಡನೆ ಅದು ತೆರೆದ ಸಂಪರ್ಕವೂ ಮುಗಿಯುತ್ತದೆ, ಸಂಪರ್ಕದೊಡನೆ ಬೀಗವೂ ಕಳಚುತ್ತದೆ. ಸ್ನ್ಯಾಪ್‌ಶಾಟು ತೆಗೆಯುವ ಹೊತ್ತಿಗೆ ಬರೆವಣಿಗೆ ಯಥಾಪ್ರಕಾರ ಸಾಗಿರುತ್ತದೆ. ಪೋಸ್ಟ್‌ಗ್ರೆಸ್‌ನ 15ನೆಯ ಆವೃತ್ತಿಯಿಂದೀಚೆಗೆ ಬ್ಯಾಕಪ್ಪಿನ ಆರಂಭವನ್ನೂ ಮುಕ್ತಾಯವನ್ನೂ ಒಂದೇ ಸಂಪರ್ಕವು ಕೊನೆಯವರೆಗೆ ತೆರೆದಿದ್ದು ನಿರ್ವಹಿಸಬೇಕಾದುದರಿಂದ ಅಲ್ಲಿಯೂ ಇದೇ ತೊಡಕು. ಇಂತಹ ದೋಷದಲ್ಲಿ ಯಾವ ತಪ್ಪುಸಂದೇಶವೂ ಮೂಡದು. ಬ್ಯಾಕಪ್ಪು ಯಶಸ್ವಿಯಾಯಿತೆಂದೇ ತೆರೆಯ ಮೇಲೆ ಕಾಣುತ್ತದೆ, ಮತ್ತು ಆ ತೃಪ್ತಿಯೇ ದೋಷವನ್ನು ವರ್ಷಗಟ್ಟಲೆ ಮರೆಮಾಡುತ್ತದೆ.

ಎರಡನೆಯ ಪ್ರಶ್ನೆ ಸ್ಥಳದ್ದು. ಎಲ್‌ವಿಎಂ ಆಗಲಿ ಸೆಫ್ ಆಗಲಿ, ಸ್ನ್ಯಾಪ್‌ಶಾಟು ಸಾಮಾನ್ಯವಾಗಿ ಮೂಲ ವಾಲ್ಯೂಮು ಇರುವ ಶೇಖರಣೆಯಲ್ಲಿಯೇ ಇದ್ದು, ಬದಲಾಗದ ಬ್ಲಾಕುಗಳನ್ನು ಮೂಲದೊಡನೆ ಹಂಚಿಕೊಂಡಿರುತ್ತದೆ. ಆ ಶೇಖರಣೆಗೆ ಒದಗಿದ ವಿಪತ್ತು ಎರಡನ್ನೂ ಒಟ್ಟಿಗೆ ನುಂಗುತ್ತದೆ. ಅಮೆಜಾನಿನಲ್ಲಿ ಪ್ರತಿಯು ಎಸ್3ಗೆ ಹೋಗುವುದರಿಂದ ಈ ಭಯ ಕಡಮೆ. ಆದರೆ ಅಲ್ಲಿಯೂ ಅದು ಸಾಮಾನ್ಯವಾಗಿ ಅದೇ ಖಾತೆಯ, ಅದೇ ಅಧಿಕಾರದ ಕೈಕೆಳಗೆ ಇರತಕ್ಕದ್ದು. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಕುಬರ್ನೆಟೀಸಿನ ಒಳಗೇ ಇದೆ. ಸ್ನ್ಯಾಪ್‌ಶಾಟಿನ ವರ್ಗದಲ್ಲಿ ಅಳಿಸುವ ನೀತಿಯನ್ನು ಡಿಲೀಟ್ ಎಂದು ಬರೆದಿದ್ದರೆ, ಕ್ಲಸ್ಟರಿನಲ್ಲಿರುವ ಸ್ನ್ಯಾಪ್‌ಶಾಟಿನ ದಾಖಲೆ ಅಳಿದೊಡನೆ ಶೇಖರಣೆಯಲ್ಲಿರುವ ನಿಜವಾದ ಪ್ರತಿಯೂ ಅಳಿಯುತ್ತದೆ. ಆ ದಾಖಲೆಯಾದರೋ ಡೇಟಾಬೇಸು ಇರುವ ನೇಮ್‌ಸ್ಪೇಸಿಗೇ ಸೇರಿದುದರಿಂದ, ಯಾರಾದರೂ ಪ್ರಮಾದವಶಾತ್ ಆ ನೇಮ್‌ಸ್ಪೇಸನ್ನು ಅಳಿಸಿದರೆ ಡೇಟಾಬೇಸೂ ಅದರ ರಕ್ಷಣೆಗೆಂದು ಇಟ್ಟ ಪ್ರತಿಗಳೂ ಒಂದೇ ಆಜ್ಞೆಯಿಂದ ಇಲ್ಲವಾಗಬಲ್ಲುವು. ನೀತಿಯನ್ನು ರಿಟೇನ್ ಎಂದು ಬದಲಿಸುವುದು ಒಂದು ಸಾಲಿನ ಕೆಲಸ. ಆ ಒಂದು ಸಾಲಿನ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆಯಾದರೋ ಅಪರಿಮಿತ.

ಈ ವಿಷಯದಲ್ಲಿ ಗಿಟ್‌ಲ್ಯಾಬ್ ಸಂಸ್ಥೆಯು 2017ರ ಜನವರಿ 31ರಂದು ಅನುಭವಿಸಿ, ಪ್ರಶಂಸನೀಯವಾದ ಪ್ರಾಮಾಣಿಕತೆಯಿಂದ ತಾನೇ ಪ್ರಕಟಿಸಿದ ಘಟನೆಯನ್ನು ನೆನೆಯಬೇಕು. ಅದು ಕುಬರ್ನೆಟೀಸಿನಲ್ಲಿ ನಡೆದುದಲ್ಲವಾದರೂ ಅದರ ಪಾಠ ಇಲ್ಲಿಗೆ ಯಥಾವತ್ತಾಗಿ ಅನ್ವಯಿಸುತ್ತದೆ. ಪ್ರತಿಕೃತಿ ಸರ್ವರನ್ನು ಸರಿಪಡಿಸುತ್ತಿದ್ದ ಇಂಜಿನಿಯರೊಬ್ಬರು ತಪ್ಪಿ ಮುಖ್ಯ ಸರ್ವರಿನ ಪೋಸ್ಟ್‌ಗ್ರೆಸ್ ಕಡತಗಳನ್ನೇ ಅಳಿಸಿದಾಗ ಸುಮಾರು 300 ಜಿಬಿ ದತ್ತಾಂಶ ಮಾಯವಾಯಿತು. ದಿನಂಪ್ರತಿ ಎಸ್3ಗೆ ಹೋಗಬೇಕಾಗಿದ್ದ ಪಿಜಿಡಂಪ್ ಪ್ರತಿಗಳು ಅಲ್ಲಿ ಇರಲೇ ಇಲ್ಲ, ಡೇಟಾಬೇಸು 9.6ನೆಯ ಆವೃತ್ತಿಯದಾಗಿದ್ದು, ಪ್ರತಿ ತೆಗೆಯುವ ಸಾಧನ 9.2ನೆಯದಾಗಿದ್ದುದರಿಂದ ಆ ಕೆಲಸ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಅಂಚೆಗಳೂ ತಿರಸ್ಕೃತವಾಗುತ್ತಿದ್ದುವು. ಅಜ಼ುರ್ ಡಿಸ್ಕುಗಳ ಸ್ನ್ಯಾಪ್‌ಶಾಟು ಡೇಟಾಬೇಸ್ ಸರ್ವರುಗಳಿಗೆ ಆರಂಭವಾಗಿಯೇ ಇರಲಿಲ್ಲ. ಕೊನೆಗೆ ಕಾಪಾಡಿದ್ದು, ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಪರೀಕ್ಷೆಗಾಗಿ ಕೈಯಿಂದ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟು. ಅದನ್ನು ನಿಧಾನಗತಿಯ ಡಿಸ್ಕಿನಿಂದ ನಕಲಿಸಲು ಸುಮಾರು 18 ಗಂಟೆಗಳು ಹಿಡಿದುವು. ನಡುವಣ ಆರು ಗಂಟೆಗಳ ಬರೆವಣಿಗೆ ಶಾಶ್ವತವಾಗಿ ಹೋಯಿತು. ಈ ಒಂದೇ ಘಟನೆಯಲ್ಲಿ ಸ್ನ್ಯಾಪ್‌ಶಾಟಿನ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ: ಅದು ಇಲ್ಲದಿದ್ದರೆ ನಷ್ಟ ಇನ್ನೂ ಎಷ್ಟೋ ದೊಡ್ಡದಾಗುತ್ತಿತ್ತು, ಅದೊಂದೇ ಇದ್ದುದರಿಂದ ಆರು ಗಂಟೆಗಳನ್ನು ಬಿಟ್ಟುಕೊಡಬೇಕಾಯಿತು.

ಇದರಿಂದ ಮೂರನೆಯ ಪ್ರಶ್ನೆಗೆ ಉತ್ತರ ಸಹಜವಾಗಿ ಹೊರಡುತ್ತದೆ. ಸ್ನ್ಯಾಪ್‌ಶಾಟು ಒಂದು ಬಿಂದುವನ್ನು ಕೊಡುತ್ತದೆ. ಆಪತ್ತು ಸಂಭವಿಸುವುದು ಎರಡು ಬಿಂದುಗಳ ನಡುವೆ. ಮಧ್ಯಾಹ್ನ ಎರಡು ಗಂಟೆಗೆ ಒಂದು ತಪ್ಪು ಆಜ್ಞೆಯಿಂದ ಕೋಷ್ಟಕವೊಂದು ಬರಿದಾದರೆ, ಬೇಕಾದುದು ಒಂದು ಗಂಟೆ ಐವತ್ತೊಂಬತ್ತು ನಿಮಿಷದ ಸ್ಥಿತಿಯೇ ಹೊರತು ಬೆಳಗಿನ ಎಂಟು ಗಂಟೆಯದಲ್ಲ. ಲಾಗನ್ನು ದೂರದಲ್ಲಿ ಸತತವಾಗಿ ಸಂಗ್ರಹಿಸಿ, ಬೇಕಾದ ಕ್ಷಣದವರೆಗೆ ಅದನ್ನು ಮತ್ತೆ ನಡೆಸುವ ಶಕ್ತಿ ಪೋಸ್ಟ್‌ಗ್ರೆಸ್‌ಗೆ 2005ರ 8.0 ಆವೃತ್ತಿಯಿಂದಲೇ ಇದೆ. ಇದಲ್ಲದೆ ಬ್ಲಾಕುಗಳ ಪ್ರತಿಯು ಬ್ಲಾಕುಗಳಲ್ಲಿ ಆಗಲೇ ಸೇರಿದ್ದ ಕೆಡುಕನ್ನೂ ನಿಷ್ಠೆಯಿಂದ ನಕಲಿಸುತ್ತದೆ. ಪೋಸ್ಟ್‌ಗ್ರೆಸ್‌ನ ಒಂದು ಮುಖ್ಯ ಆವೃತ್ತಿಯ ಕಡತಗಳನ್ನು ಮತ್ತೊಂದು ನೇರವಾಗಿ ತೆರೆಯಲಾರದಾದುದರಿಂದ, ದೀರ್ಘಕಾಲದ ಸಂರಕ್ಷಣೆಗೆ ಪಿಜಿಡಂಪ್ ತೆಗೆಯುವಂತಹ ತಾರ್ಕಿಕ ಪ್ರತಿಯೂ ಬೇಕು. ಮರಳಿ ಪಡೆಯುವ ವೇಗದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಸಲ್ಲುತ್ತದೆ: ಇಬಿಎಸ್ ಸ್ನ್ಯಾಪ್‌ಶಾಟಿನಿಂದ ಹುಟ್ಟಿದ ವಾಲ್ಯೂಮು ಕೂಡಲೆ ಸಿದ್ಧವಾದಂತೆ ಕಂಡರೂ, ಪ್ರತ್ಯೇಕ ಏರ್ಪಾಡಿಲ್ಲದಿದ್ದರೆ ಅದರ ಬ್ಲಾಕುಗಳು ಮೊದಲ ಸಲ ಮುಟ್ಟಿದಾಗ ಮಾತ್ರ ಎಸ್3ಯಿಂದ ಇಳಿದು ಬರುತ್ತವೆ; ಆದುದರಿಂದ ಆರಂಭದ ಗಂಟೆಗಳಲ್ಲಿ ಡೇಟಾಬೇಸು ಕುಂಟುತ್ತಲೇ ನಡೆಯುವುದುಂಟು.

ಹಾಗಾದರೆ ಈ ಸಾಧನವನ್ನು ಯೋಗ್ಯವಾಗಿ ಬಳಸಿದ ನಿದರ್ಶನವಿಲ್ಲವೆ? ಇದೆ. 2022ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಕ್ಲೌಡ್‌ನೇಟಿವ್‌ಪಿಜಿ ಎಂಬ ಪೋಸ್ಟ್‌ಗ್ರೆಸ್ ಆಪರೇಟರು 2023ರಲ್ಲಿ ಸ್ನ್ಯಾಪ್‌ಶಾಟನ್ನು ಅಳವಡಿಸಿಕೊಂಡ ರೀತಿ ನನಗೆ ಆದರ್ಶಪ್ರಾಯವಾಗಿ ಕಂಡಿದೆ. ಅಲ್ಲಿ ಶೇಖರಣೆಗೆ ಆಜ್ಞೆಯನ್ನು ಕೊಡುವವನು ಹೊರಗಿನ ಯಾವುದೋ ಸಾಧನವಲ್ಲ. ಡೇಟಾಬೇಸಿನ ಮನೋಗತವನ್ನು ಅರಿತ ಆಪರೇಟರೇ. ಆತನು ಮುಖ್ಯ ಸರ್ವರಿಗೆ ತೊಂದರೆಯಾಗದಂತೆ ಸಾಧ್ಯವಾದಾಗಲೆಲ್ಲ ಪ್ರತಿಕೃತಿಯಿಂದಲೇ ಸ್ನ್ಯಾಪ್‌ಶಾಟನ್ನು ತೆಗೆಯುತ್ತಾನೆ. ನಿಲ್ಲಿಸಿ ತೆಗೆಯುವ ಕ್ರಮವನ್ನೂ ನಡೆಯುತ್ತಿರುವಾಗಲೇ ಆರಂಭ-ಮುಕ್ತಾಯಗಳ ಗುರುತಿನೊಡನೆ ತೆಗೆಯುವ ಕ್ರಮವನ್ನೂ ಒದಗಿಸುತ್ತಾನೆ. ಇದರೊಡನೆ ಲಾಗನ್ನು ದೂರದ ವಸ್ತುಸಂಗ್ರಹಕ್ಕೆ ಸತತವಾಗಿ ಕಳಿಸುವ ವ್ಯವಸ್ಥೆಯನ್ನು ಜೋಡಿಸಿದರೆ, ಸ್ನ್ಯಾಪ್‌ಶಾಟು ತಳಹದಿಯಾಗಿ ಲಾಗು ಮುಂದುವರಿಕೆಯಾಗಿ, ಬಿಂದುವು ರೇಖೆಯಾಗಿ ಬೆಳೆಯುತ್ತದೆ. ದೊಡ್ಡ ಡೇಟಾಬೇಸನ್ನು ಮೊದಲಿನಿಂದ ನಕಲಿಸುವ ಗಂಟೆಗಳು ಉಳಿದವು. ಹಾಗೆಂದು ನಿಮಿಷಗಳ ಸೂಕ್ಷ್ಮತೆಯೂ ಕೈಬಿಡಲಿಲ್ಲ. ವೇಗವನ್ನು ಶೇಖರಣೆಯಿಂದಲೂ ಸತ್ಯವನ್ನು ಡೇಟಾಬೇಸಿನಿಂದಲೂ ಪಡೆಯುವ ಈ ವಿವೇಕವೇ ಈ ಕ್ಷೇತ್ರದಲ್ಲಿ ನಾವು ಕಲಿಯತಕ್ಕದ್ದು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ, ಅದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಬ್ಯಾಕಪ್ಪಿನ ಪ್ರಮಾಣ ಪುನಃಸ್ಥಾಪನೆಯಲ್ಲಿದೆ. ಅದನ್ನು ಆಪತ್ತಿಗೆ ಮುಂಚೆಯೇ ಪರೀಕ್ಷಿಸಿಕೊಳ್ಳಬೇಕೆಂದು ಬಲ್ಲವರೆಲ್ಲರೂ ಹೇಳುತ್ತಾರೆ, ಆದರೆ ಹಲವು ಗಂಟೆಗಳ ನಕಲು, ಅಷ್ಟೇ ದೊಡ್ಡ ಶೇಖರಣೆಯ ವೆಚ್ಚ ಎಂಬ ಅಡ್ಡಿಗಳಿಂದ ಪರೀಕ್ಷೆ ಮುಂದೂಡಲ್ಪಡುತ್ತಲೇ ಹೋಗುತ್ತದೆ. ಈ ಅಡ್ಡಿಗಳನ್ನು ಸ್ನ್ಯಾಪ್‌ಶಾಟು ಬಹುಮಟ್ಟಿಗೆ ನಿವಾರಿಸಬಲ್ಲುದು. ಮೂಲದೊಡನೆ ಬ್ಲಾಕುಗಳನ್ನು ಹಂಚಿಕೊಂಡಿರುವುದೆಂಬ ಯಾವ ಗುಣದಿಂದ ಅದು ಸಂರಕ್ಷಣೆಗೆ ದುರ್ಬಲವಾಯಿತೋ, ಅದೇ ಗುಣದಿಂದ ಪರೀಕ್ಷೆಗೆ ಅತ್ಯಂತ ಸುಲಭವಾಗಿದೆ. ಪ್ರತಿರಾತ್ರಿ ಹೊಸ ವಾಲ್ಯೂಮೊಂದನ್ನು ಪಡೆದು, ಅದರ ಮೇಲೆ ಡೇಟಾಬೇಸನ್ನು ಎಬ್ಬಿಸಿ, ದೂರದಿಂದ ಲಾಗನ್ನು ತರಿಸಿ ನಡೆಸಿ, ಪಿಜಿಅಮ್‌ಚೆಕ್‌ನಂತಹ ಸಾಧನದಿಂದ ಕೋಷ್ಟಕಗಳನ್ನೂ ಸೂಚಿಗಳನ್ನೂ ಶೋಧಿಸಿ, ಬೆಳಗಾಗುವುದರೊಳಗೆ ಅದನ್ನು ವಿಸರ್ಜಿಸುವುದು ಈಗ ಸಾಧಾರಣ ತಂಡಕ್ಕೂ ನಿಲುಕತಕ್ಕ ಕಾರ್ಯ. ಲಾಗಿನ ಸಂಗ್ರಹವಿಲ್ಲದೆ ಸ್ನ್ಯಾಪ್‌ಶಾಟನ್ನೇ ನೆಚ್ಚಿದವನು ತನ್ನ ರಕ್ಷಣೆಯ ಪೂರ್ವಾರ್ಧವನ್ನು ಮಾತ್ರ ಕಟ್ಟಿಕೊಂಡಿರುತ್ತಾನೆ. ಲಾಗನ್ನು ಸೇರಿಸಿ, ದೂರದಲ್ಲಿರಿಸಿ, ಈ ಪರೀಕ್ಷೆಯನ್ನು ನಿತ್ಯವಿಧಿಯಾಗಿ ನಡೆಸುವವನ ಕೈಯಲ್ಲಿ ಇದು ನಮ್ಮ ಕಾಲದ ಡೇಟಾಬೇಸು ನಿರ್ವಾಹಕನಿಗೆ ಲಭಿಸಿದ ಅತ್ಯುತ್ತಮ ಉಪಕರಣಗಳಲ್ಲೊಂದೆಂದು ನಿಸ್ಸಂಕೋಚವಾಗಿ ಹೇಳಬಹುದು.